ಒಂಟಿ ಲಾರಿಯ ಯಜಮಾನ

ಲಾಸ್ ಏಂಜಲೀಸ್ ಕಡೆಯಿಂದ ಉತ್ತರಕ್ಕೆ ಹೊರಟ ಲಾರಿಗಳು ಟೆಹೋನ್ ಘಟ್ಟವನ್ನು ಏದುಸಿರು ಬಿಡುತ್ತಲೇ ಹತ್ತುತ್ತವೆ. ನಾಲ್ಕು ಸಾವಿರ ಅಡಿ ಮೀರಿದ ನೆತ್ತಿ. ಅಲ್ಲಿಂದಾಚೆ ಚಾಲಕರು ಗ್ರೇಪ್‌ವೈನ್ ಎಂದು ಕರೆಯುವ ಉದ್ದನೆಯ ಇಳಿಜಾರು. ಬಲಬದಿಯ ಸಾಲು ಹಿಡಿದು, ಎಂಜಿನ್ ಬ್ರೇಕಿನ ಗುಡುಗು ಹೊರಡಿಸುತ್ತ, ಹದಿನೆಂಟು ಗಾಲಿಯ ಗಾಡಿಗಳು ಒಂದರ ಹಿಂದೊಂದು ಇಳಿಯುತ್ತವೆ. ಬೆಟ್ಟದ ಕೊನೆಯ ಮಗ್ಗುಲು ದಾಟಿದೊಡನೆ ಎದುರಿಗೆ ಸ್ಯಾನ್ ವಾಕೀನ್ ಕಣಿವೆ. ಚಳಿಗಾಲದಲ್ಲಿ ಮಳೆ ಹೊಯ್ದ ಮರುದಿನವಾದರೆ ಪೂರ್ವದಲ್ಲಿ ಸಿಯೆರಾ ನೆವಾಡಾದ ಹಿಮ ಕಣ್ಣಿಗೆ ಹೊಡೆಯುತ್ತದೆ. ಆಗಸ್ಟಿನಲ್ಲಿ ಆ ಪರ್ವತಸಾಲು ಇದ್ದ ಸುಳಿವೂ ಸಿಗುವುದಿಲ್ಲ. ದ್ರಾಕ್ಷಿ ಚಪ್ಪರ, ಬಾದಾಮಿ ತೋಟ, ಎಣ್ಣೆ ಬಾವಿ, ಊರು, ಎಲ್ಲದರ ಮೇಲೂ ಕಂದು ಮಬ್ಬು ಕವಿದಿರುತ್ತದೆ.

ಪಶ್ಚಿಮಕ್ಕೆ ಕರಾವಳಿಯ ಬೆಟ್ಟಗಳು, ಪೂರ್ವಕ್ಕೆ ಸಿಯೆರಾ, ದಕ್ಷಿಣಕ್ಕೆ ಟೆಹಾಚಪಿ. ಮೇಲೆ ಬೆಚ್ಚನೆಯ ಗಾಳಿಯ ಪದರ. ಮುಚ್ಚಳ ಬಿಗಿದ ಪಾತ್ರೆಯೊಳಗಿನ ಹಬೆಯಂತೆ ಇಲ್ಲಿ ಹುಟ್ಟಿದ ಹೊಗೆ ಇಲ್ಲೇ ಸುತ್ತುತ್ತದೆ. ಸೂಕ್ಷ್ಮ ಕಣಗಳ ಲೆಕ್ಕದಲ್ಲಿ ಅಮೆರಿಕದ ಅತ್ಯಂತ ಕೆಟ್ಟ ಗಾಳಿಯ ಊರುಗಳ ಪಟ್ಟಿ ತೆರೆದರೆ ಬೇಕರ್ಸ್‌ಫೀಲ್ಡ್, ಫ್ರೆಸ್ನೊ ಹೆಸರುಗಳು ಮೇಲ್ಸಾಲಿನಲ್ಲೇ ಸಿಗುತ್ತವೆ. ಶಾಲೆಯ ಮಕ್ಕಳ ಚೀಲದಲ್ಲಿ ಪೆನ್ಸಿಲ್ ಡಬ್ಬಿಯ ಪಕ್ಕ ಆಸ್ತಮಾದ ಇನ್‌ಹೇಲರ್ ಇರುವುದನ್ನು ಇಲ್ಲಿ ಯಾರೂ ವಿಶೇಷವೆಂದು ಗಮನಿಸುವುದಿಲ್ಲ. ಹೊಗೆಯ ಮೂಲಗಳು ಹಲವು. ಆದರೆ ಕಣಿವೆಯ ಉದ್ದಕ್ಕೂ ಹಗಲಿರುಳು ಹರಿಯುವ ಎರಡು ಹೆದ್ದಾರಿಗಳನ್ನು, ಐದನ್ನೂ ತೊಂಬತ್ತೊಂಬತ್ತನ್ನೂ, ಬದಿಗಿಟ್ಟು ಈ ಮಬ್ಬಿನ ಮಾತಾಡಲು ಬರುವುದಿಲ್ಲ.

ಹೆದ್ದಾರಿ 99ರ ಬದಿಯ ಲಾರಿ ಅಂಗಳಗಳಿಗೆ ಹೋದರೆ ಪಂಜಾಬಿ ಕಿವಿಗೆ ಬೀಳುತ್ತದೆ. ನೂರು ವರ್ಷಕ್ಕೂ ಹಿಂದೆ ಈ ಹೊಲಗಳಲ್ಲಿ ದುಡಿಯಲು ಬಂದ ಸಿಖ್ಖರು 1912ರಲ್ಲಿ ಸ್ಟಾಕ್ಟನ್ನಿನಲ್ಲಿ ಗುರುದ್ವಾರ ಸ್ಥಾಪಿಸಿದರು. ಆಮೇಲೆ ಬಂದ ತಲೆಮಾರುಗಳಲ್ಲಿ ಅನೇಕರು ನೇಗಿಲಿನ ಬದಲು ಸ್ಟೇರಿಂಗ್ ಹಿಡಿದರು. ದೊಡ್ಡ ಕಂಪನಿಗಳ ಬೆಳ್ಳನೆಯ ಗಾಡಿಗಳ ಸಾಲು ಬೇರೆ, ಈ ಅಂಗಳಗಳೇ ಬೇರೆ. ಇಲ್ಲಿ ತಿಂಗಳ ಬಾಡಿಗೆಗೆ ಒಂದೊಂದು ಜಾಗ ಹಿಡಿದವರಲ್ಲಿ ಬಹುಪಾಲು ಒಂದೇ ಲಾರಿಯ ಯಜಮಾನರು. ಓನರ್ರೂ ಅವರೇ, ಡ್ರೈವರ್ರೂ ಅವರೇ, ಗುಮಾಸ್ತನೂ ಅವರೇ.

ಅಂಥ ಒಂದು ಅಂಗಳ. ಬೆಳಗಿನ ಎಂಟಕ್ಕೇ ಜಲ್ಲಿ ಕಾದಿದೆ. ನೀಲಿ ಬಣ್ಣದ ಲಾರಿಯ ಬಾಗಿಲು ತೆರೆದಿಟ್ಟು ಐವತ್ತರ ಆಸುಪಾಸಿನ ಯಜಮಾನರು ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಪಗಡಿ ನೀಟಾಗಿದೆ, ಅಂಗಿಯ ತೋಳಿಗೆ ಗ್ರೀಸು ಮೆತ್ತಿದೆ. ಪಿಕಪ್ಪಿನಲ್ಲಿ ಬಂದ ಹುಡುಗ ಹೊಗೆ ತಪಾಸಣೆಗಾರ. ಕೈಯಲ್ಲಿ ಅಂಗೈ ಅಗಲದ ಒಂದು ಪೆಟ್ಟಿಗೆ, ಅದಕ್ಕೊಂದು ದಪ್ಪ ಕೇಬಲ್ಲು. ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಒಂಬತ್ತು ಪಿನ್ನಿನ ದುಂಡು ಸಾಕೆಟ್ಟಿಗೆ ಅದನ್ನು ತಿರುಗಿಸಿ ಕೂರಿಸಿದ. ಕೀಲಿ ತಿರುಗಿತು, ಎಂಜಿನ್ ಎದ್ದಿತು. ಹೊಗೆ ಕೊಳವೆಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. 2013 ಮತ್ತು ಆಮೇಲಿನ ಡೀಸೆಲ್ ಎಂಜಿನ್ನುಗಳಲ್ಲಿ ನೋಡಬೇಕಾದ್ದು ಕೊಳವೆಯನ್ನಲ್ಲ, ಎಂಜಿನ್ನಿನ ಕಂಪ್ಯೂಟರು ನೆನಪಿಟ್ಟುಕೊಂಡದ್ದನ್ನು. ಅದಕ್ಕೂ ಹಳೆಯ ಎಂಜಿನ್ನುಗಳಿಗೆ ಮಾತ್ರ ಈಗಲೂ ಆಕ್ಸಿಲರೇಟರ್ ಒಮ್ಮೆಲೇ ಒತ್ತಿ ಹೊಗೆಯ ದಟ್ಟಣೆ ಅಳೆಯುತ್ತಾರೆ, ಬಿಡಿಭಾಗಗಳನ್ನು ಕಣ್ಣಿಂದ ನೋಡುತ್ತಾರೆ.

ಪೆಟ್ಟಿಗೆಯ ದೀಪ ಮಿನುಗಿ ನಿಂತಿತು. ಹುಡುಗ ಫೋನ್ ನೋಡಿ ತುಟಿ ಕಚ್ಚಿದ.

“ಪಾಜಿ, ಬ್ಯಾಟರಿ ಬಿಚ್ಚಿದ್ದಿರಾ? ಇಲ್ಲ ಮೆಕ್ಯಾನಿಕ್ ಕೋಡ್ ಅಳಿಸಿದ್ದಾನಾ?”

“ನಾಕ್ಸ್ ಸೆನ್ಸರ್ ಹೋಗಿತ್ತಪ್ಪ. ಹೊಸದು ಹಾಕಿದ. ದೀಪ ಆರಲಿ ಅಂತ ಅಳಿಸಿದ.”

“ಹಾಗಿದ್ದರೆ ಇವತ್ತು ಆಗೋದಿಲ್ಲ. ಇನ್ನೂ ರೆಡಿ ಇಲ್ಲ ಅಂತ ತೋರಿಸ್ತಾ ಇದೆ. ಕೆಲವು ದಿನ ಓಡಿಸಿ. ಲೋಡ್ ಹಾಕ್ಕೊಂಡೇ ಓಡಿಸಿ.”

ಕೋಡ್ ಅಳಿಸಿದರೆ ಕಂಪ್ಯೂಟರಿನ ನೆನಪೂ ಅಳಿಯುತ್ತದೆ. ಅದು ಮತ್ತೆ ಒಂದೊಂದೇ ಭಾಗವನ್ನು, ಫಿಲ್ಟರನ್ನು, ಸೆನ್ಸರುಗಳನ್ನು, ಯೂರಿಯಾ ಚಿಮ್ಮುವ ನಳಿಕೆಯನ್ನು, ತಾನೇ ಪರೀಕ್ಷಿಸಿ ಒಪ್ಪಬೇಕು. ಅದಕ್ಕೆ ಎಂಜಿನ್ ತಣ್ಣಗಾಗಿ ಮತ್ತೆ ಕಾಯಬೇಕು, ಏರು ಹತ್ತಬೇಕು, ಸಮವೇಗದಲ್ಲಿ ಬಹಳ ಹೊತ್ತು ಓಡಬೇಕು. ಕೆಟ್ಟ ಗಾಡಿಯ ದೀಪವನ್ನು ತಪಾಸಣೆಯ ಬೆಳಗ್ಗೆ ಆರಿಸಿ ಪಾಸಾಗಬಾರದೆಂದು ಮಾಡಿದ ಏರ್ಪಾಡಿದು. ಸರಿಯಾದ ಏರ್ಪಾಡೇ. ದುಡ್ಡು ಸುರಿದು ನಿಜವಾಗಿ ರಿಪೇರಿ ಮಾಡಿಸಿದವರೂ ಅದೇ ಬಾಗಿಲಲ್ಲಿ ಕಾಯಬೇಕಾಗುತ್ತದೆ, ಅಷ್ಟೆ. ಯಜಮಾನರು ಗಾಬರಿಯಾಗಲಿಲ್ಲ. ಗಡುವಿಗೆ ತೊಂಬತ್ತು ದಿನ ಇರುವಾಗಿನಿಂದಲೇ ತಪಾಸಣೆಯ ಫಲಿತಾಂಶ ಸಲ್ಲಿಸಬಹುದು. ಅವರು ಬೇಕಾದಷ್ಟು ದಿನ ಕೈಯಲ್ಲಿಟ್ಟುಕೊಂಡೇ ಹುಡುಗನನ್ನು ಕರೆಸಿದ್ದರು. ಡೆಲಾನೊದಲ್ಲಿ ದ್ರಾಕ್ಷಿ ಕೊಯ್ಲು ನಡೆದಿದೆ, ಲಾಸ್ ಏಂಜಲೀಸಿಗೆ ಲೋಡ್ ಸಿಗುತ್ತದೆ, ಗ್ರೇಪ್‌ವೈನಿನ ಏರು ಇದ್ದೇ ಇದೆ.

ಹುಡುಗ ಹೋದ ಮೇಲೆ ಅವರು ಬಾನೆಟ್ ಎತ್ತಿ ತೋರಿಸಿದರು. ಎಂಜಿನ್ನಿಗಿಂತ ಅದರ ಹಿಂದಿನ ಸಂಸಾರವೇ ದೊಡ್ಡದು. ಕ್ಯಾಬಿನ್ನಿನ ಮಗ್ಗುಲಲ್ಲಿ ಹೊಳೆಯುವ ತಗಡಿನೊಳಗೆ ಒಂದು ಪಿಂಗಾಣಿ ಫಿಲ್ಟರು. ಜೇನುಗೂಡಿನಂಥ ಕಣ್ಣುಗಳು, ಒಂದು ಬಿಟ್ಟು ಒಂದು ಮುಚ್ಚಿದವು; ಹೊಗೆ ಗೋಡೆಯ ಮೂಲಕವೇ ಸೋಸಿ ಹೋಗಬೇಕು. ಮಸಿ ಗೋಡೆಗೆ ಅಂಟುತ್ತದೆ. ಅಂಟಿದ್ದು ಹೆಚ್ಚಾದಾಗ ಡೀಸೆಲ್ ಚಿಮುಕಿಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದನ್ನು ಸುಡಬೇಕು. ಇದಕ್ಕೆ ಚಾಲಕರು ರೀಜೆನ್ ಎನ್ನುತ್ತಾರೆ. ಹೆದ್ದಾರಿಯಲ್ಲಿ ಉದ್ದಕ್ಕೂ ಓಡುವ ಗಾಡಿಯಲ್ಲಿ ಅದು ತಾನಾಗಿ ನಡೆದುಹೋಗುತ್ತದೆ. ಬಂದರಿನ ಸಾಲಿನಲ್ಲಿ ನಿಂತು ತೆವಳುವ ಗಾಡಿಯಲ್ಲಿ ನಡೆಯುವುದಿಲ್ಲ. ಆಗ ಬದಿಗೆ ನಿಲ್ಲಿಸಿ, ಒಣಹುಲ್ಲು ಇಲ್ಲದ ಜಾಗ ನೋಡಿ, ಗುಂಡಿ ಒತ್ತಿ, ಎಂಜಿನ್ ತಾನೇ ಭೋರಿಡುತ್ತ ಮಸಿ ಸುಡುವುದನ್ನು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಾಯಬೇಕು. ಸರಕು ತಲುಪಿಸುವ ಸಮಯ ಆಚೆ ಜಾರುತ್ತಿರುತ್ತದೆ. ಮಸಿ ಸುಟ್ಟ ಮೇಲೂ ಬೂದಿ ಉಳಿಯುತ್ತದೆ. ಅದು ಎಂಜಿನ್ ಆಯಿಲ್ಲಿನ ಸೇರ್ಪಡೆಗಳಿಂದ ಬಂದದ್ದು, ಯಾವ ಶಾಖಕ್ಕೂ ಸುಡದು. ವರ್ಷಗಳ ಮೇಲೆ ಫಿಲ್ಟರ್ ಬಿಚ್ಚಿಸಿ, ಬೇರೆಡೆ ಕಳಿಸಿ, ಊದಿಸಿ ತರಬೇಕು.

ಆಮೇಲೆ ನೀಲಿ ಮುಚ್ಚಳದ ಪುಟ್ಟ ಟ್ಯಾಂಕು. ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಈ ದ್ರವ ಬಿಸಿ ಹೊಗೆಯಲ್ಲಿ ಅಮೋನಿಯ ಆಗಿ, ನಾಕ್ಸ್ ಎನ್ನುವ ನೈಟ್ರೋಜನ್ ಆಕ್ಸೈಡುಗಳನ್ನು ಮುರಿದು ಬರಿಯ ನೈಟ್ರೋಜನ್ನೂ ನೀರೂ ಮಾಡುತ್ತದೆ. ಈ ಮುಚ್ಚಳ ನಮ್ಮವರಿಗೂ ಹೊಸದಲ್ಲ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿಎಸ್-6 ಬಂದ ಮೇಲೆ ಹುಬ್ಬಳ್ಳಿ, ಚಿತ್ರದುರ್ಗದ ಹೆದ್ದಾರಿ ಬಂಕುಗಳಲ್ಲಿ ಬಕೆಟ್‌ಗಟ್ಟಲೆ ಮಾರುವ ಡಿಇಎಫ್ ಇದೇ. ದೀಪ ಹೊತ್ತಿದಾಗ ನಮ್ಮ ಚಾಲಕರ ಎದೆ ಹೊಡೆದುಕೊಳ್ಳುವ ಬಗೆಯೂ ಇದೇ. ದ್ರವದ ವ್ಯವಸ್ಥೆಯಲ್ಲಿ ತಪ್ಪು ಕಂಡರೆ ಎಂಜಿನ್ ಮೊದಲು ಎಚ್ಚರಿಸುತ್ತದೆ, ಆಮೇಲೆ ಬಲ ತಗ್ಗಿಸುತ್ತದೆ, ಕೊನೆಗೆ ಗಂಟೆಗೆ ಐದು ಮೈಲಿಗೆ ತಂದು ಕೂರಿಸುತ್ತದೆ. ಎಷ್ಟೋ ಸಲ ತಪ್ಪು ದ್ರವದ್ದಲ್ಲ, ಅದನ್ನು ಅಳೆಯುವ ಸೆನ್ಸರಿನದು. ನಲವತ್ತು ಟನ್ನಿಗೆ ಹತ್ತಿರದ ಗಾಡಿ ಮರುಭೂಮಿಯ ನಡುವೆ ಹಾಗೆ ಕುಂಟುವಾಗ ಒಂಟಿ ಯಜಮಾನರ ನೆರವಿಗೆ ಬದಲಿ ಲಾರಿ ಕಳಿಸುವ ಆಫೀಸು ಇರುವುದಿಲ್ಲ. 2025ರ ಆಗಸ್ಟಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಹಠಾತ್ ಬಲಹರಣವನ್ನು ಸಡಿಲಿಸುವಂತೆ ತಯಾರಕರಿಗೆ ಹೇಳಿದ ಸುದ್ದಿ ಈ ಅಂಗಳಗಳಲ್ಲಿ ಮಳೆಯ ಸುದ್ದಿಯಷ್ಟೇ ಬೇಗ ಹರಡಿತು.

ಇಷ್ಟೆಲ್ಲ ಕಷ್ಟ ಯಾಕೆ ಎಂದು ಕೇಳಿದರೆ ಉತ್ತರ ಸಂಖ್ಯೆಯಲ್ಲಿದೆ. 1998ರ ಲಾರಿ ಎಂಜಿನ್ನಿಗೆ ಪ್ರತಿ ಅಶ್ವಶಕ್ತಿ-ಗಂಟೆಗೆ 4 ಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳಲು ಅನುಮತಿ ಇತ್ತು. 2010ರ ಎಂಜಿನ್ನಿಗೆ 0.20 ಗ್ರಾಂ, ಇಪ್ಪತ್ತರಲ್ಲಿ ಒಂದು ಪಾಲು. ಮಸಿಯ ಮಿತಿ 0.10ರಿಂದ 0.01ಕ್ಕೆ ಇಳಿಯಿತು. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ, ಚಾಲಕರ ಬಾಯಲ್ಲಿ ಬರಿಯ ‘ಕಾರ್ಬ್’, ಹೇಳುವ ಲೆಕ್ಕದಂತೆ ರಾಜ್ಯದ ರಸ್ತೆಯಲ್ಲಿ ಭಾರಿ ವಾಹನಗಳು ನೂರಕ್ಕೆ ಮೂರು ಮಾತ್ರ. ಆದರೆ ಎಲ್ಲ ವಾಹನ ಯಂತ್ರಗಳು ಸೇರಿ ಉಗುಳುವ ನೈಟ್ರೋಜನ್ ಆಕ್ಸೈಡಿನಲ್ಲೂ ಡೀಸೆಲ್ ಕಣದಲ್ಲೂ ಅರ್ಧಕ್ಕಿಂತ ಹೆಚ್ಚು ಅವುಗಳದೇ. ಆ ಸೋಸದ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಕುಡಿದವರು ಲಾರಿಯವರೇ, ಅವರ ಮನೆಗಳೂ ಹೆದ್ದಾರಿಯ ಬದಿಯಲ್ಲೇ ಇವೆ. ಹಾಗಾಗಿ ಈ ನಿಯಮ ಬೇಡವಿತ್ತು ಎಂಬ ಮಾತಿಗೆ ನಾನು ತಲೆಯಾಡಿಸಲಾರೆ.

ಈ ರಾಜ್ಯಕ್ಕೆ ಹೊಗೆಯ ಕುರಿತು ಹಳೆಯ ಗಾಯವಿದೆ. 1943ರ ಜುಲೈನಲ್ಲಿ ಲಾಸ್ ಏಂಜಲೀಸಿನ ಮೇಲೆ ಕಣ್ಣುರಿಸುವ ಮಬ್ಬು ಇಳಿದಾಗ ಯುದ್ಧಕಾಲದ ಜನ ಅದನ್ನು ಜಪಾನಿನ ಅನಿಲ ದಾಳಿ ಎಂದೇ ಶಂಕಿಸಿದರು. ವಾಹನ ಮತ್ತು ತೈಲ ಶುದ್ಧೀಕರಣ ಘಟಕಗಳ ಹೊಗೆ ಬಿಸಿಲಲ್ಲಿ ಕೂಡಿ ಈ ಮಬ್ಬಾಗುತ್ತದೆ ಎಂದು ತೋರಿಸಿಕೊಟ್ಟವರು ಕ್ಯಾಲ್ಟೆಕ್‌ನ ರಸಾಯನಶಾಸ್ತ್ರಜ್ಞ ಏರೀ ಹಾಗನ್-ಸ್ಮಿತ್. ಮಂಡಳಿ ಹುಟ್ಟಿದ್ದು 1967ರಲ್ಲಿ. ಅವರೇ ಮೊದಲ ಅಧ್ಯಕ್ಷರಾದರು. ಕೇಂದ್ರದ ಅನುಮತಿ ಪಡೆದು ತನ್ನದೇ ಕಟ್ಟುನಿಟ್ಟಿನ ವಾಹನ ನಿಯಮ ಮಾಡುವ ವಿಶೇಷ ಅಧಿಕಾರ ಅಮೆರಿಕದಲ್ಲಿ ಇರುವುದು ಈ ಒಂದು ರಾಜ್ಯಕ್ಕೆ. 1998ರಲ್ಲಿ ಡೀಸೆಲ್ ಮಸಿಯನ್ನು ಮಂಡಳಿ ವಿಷಕಾರಿ ಎಂದು ಘೋಷಿಸಿತು. 2008ರ ಡಿಸೆಂಬರಿನಲ್ಲಿ ಲಾರಿ-ಬಸ್ಸುಗಳ ನಿಯಮ ಬಂತು. ಹಂತಹಂತವಾಗಿ ಬಿಗಿಯಾಗಿ, 2023ರ ಜನವರಿ 1ಕ್ಕೆ 14,000 ಪೌಂಡ್ ಮೀರಿದ ಹೆಚ್ಚುಕಡಿಮೆ ಎಲ್ಲ ಡೀಸೆಲ್ ಗಾಡಿಗಳಲ್ಲೂ 2010 ಅಥವಾ ಅದಕ್ಕೂ ಹೊಸ ಮಾದರಿಯ ಎಂಜಿನ್ ಇರಲೇಬೇಕಾಯಿತು. ನಿಯಮ ಪಾಲಿಸದ ಗಾಡಿಗೆ 2020ರಿಂದಲೇ ನೋಂದಣಿ ಸಿಗುತ್ತಿಲ್ಲ.

ಆಗ ಈ ಅಂಗಳಗಳಿಂದ ಎಷ್ಟೋ ಲಾರಿಗಳು ಹೊರಟುಹೋದವು. ಉದ್ದ ಮೂತಿಯ, ಕ್ರೋಮ್ ಹೊಳಪಿನ, ದಶಲಕ್ಷ ಮೈಲಿ ಓಡಿಯೂ ಗಟ್ಟಿಯಾಗಿದ್ದ ಗಾಡಿಗಳು. ಕೆಲವು ಬೇರೆ ರಾಜ್ಯಗಳಿಗೆ, ಕೆಲವು ಗಡಿಯಾಚೆ ಮೆಕ್ಸಿಕೊಗೆ. ನಮ್ಮ ಯಜಮಾನರು ಮಾರಿದ್ದೂ ಅಂಥದೇ. “ಅದರಲ್ಲಿ ಕೆಡುವುದಕ್ಕೇ ಏನೂ ಇರಲಿಲ್ಲ,” ಎಂದರು. ಸಾಲ ತೀರಿದ್ದ ಗಾಡಿ ಕೊಟ್ಟು ಮತ್ತೆ ಸಾಲದ ಗಾಡಿ ಹತ್ತಿದರು.

ಸಹಾಯಧನ ಇರಲಿಲ್ಲವೇ? ಇತ್ತು. 1998ರಲ್ಲಿ ಶುರುವಾದ ಕಾರ್ಲ್ ಮೋಯರ್ ಯೋಜನೆ ಹಳೆಯ ಎಂಜಿನ್ ಬಿಡುವವರಿಗೆ ದುಡ್ಡು ಕೊಡುತ್ತದೆ. ಹಳೆಯ ಲಾರಿಯ ಎಂಜಿನ್ನಿಗೆ ತೂತು ಹೊಡೆದು, ಚಾಸಿಯ ಎರಡೂ ಕಂಬಿ ಕತ್ತರಿಸಿ, ಮತ್ತೆಲ್ಲೂ ಓಡದಂತೆ ಮಾಡಿದ್ದನ್ನು ತೋರಿಸಬೇಕು. ಆ ಷರತ್ತಿಗೆ ನನ್ನ ತಕರಾರಿಲ್ಲ. ತಕರಾರು ಇನ್ನೊಂದರ ಬಗ್ಗೆ. ಕಾನೂನು ಕಡ್ಡಾಯ ಮಾಡಿದ್ದಕ್ಕಿಂತ ಹೆಚ್ಚಿನದಕ್ಕೆ ಅಥವಾ ಗಡುವಿಗಿಂತ ಮುಂಚಿನದಕ್ಕೆ ಮಾತ್ರ ಈ ದುಡ್ಡು. ಗಡುವು ಹತ್ತಿರವಾದಷ್ಟೂ ಬಾಗಿಲು ಕಿರಿದಾಗುತ್ತದೆ, ದಾಟಿದ ಮೇಲೆ ಮುಚ್ಚುತ್ತದೆ. ನೂರು ಲಾರಿಯ ಕಂಪನಿಯಲ್ಲಿ ನಿಯಮ ಓದುವುದಕ್ಕೇ ಒಬ್ಬರು ಇರುತ್ತಾರೆ. ಅವರು ಮೂರು ವರ್ಷ ಮೊದಲೇ ಅರ್ಜಿ ಹಾಕುತ್ತಾರೆ. ವಾರಕ್ಕೆ ಆರು ರಾತ್ರಿ ಕ್ಯಾಬಿನ್ನಿನಲ್ಲಿ ಮಲಗುವವರಿಗೆ ವಿಷಯ ತಿಳಿಯುವುದು ನೋಂದಣಿ ತಡೆದ ಪತ್ರ ಮನೆಗೆ ಬಂದಾಗ. ಗಾಳಿ ಎಲ್ಲರದು, ಆದರೆ ಅದನ್ನು ತೊಳೆಯುವ ಖರ್ಚಿನಲ್ಲಿ ಈ ಒಂಟಿ ಯಜಮಾನರ ಪಾಲು ಅವರ ಗಳಿಕೆಗೆ ಮೀರಿದ್ದು. ಸರ್ಕಾರ ಅವರ ಬಳಿ ಮೊದಲು ಹೋಗಬೇಕಿತ್ತು. ಅವರ ಭಾಷೆಯಲ್ಲಿ, ಅವರ ಗುರುದ್ವಾರದ ಅಂಗಳಕ್ಕೆ ಹೋಗಿ ಹೇಳಬೇಕಿತ್ತು.

ಸರಿಯಾದ ಎಂಜಿನ್ ಕೊಂಡರೂ ಕೆಲಸ ಮುಗಿಯುವುದಿಲ್ಲ. 2019ರ ಒಂದು ಶಾಸನದಿಂದ ಹುಟ್ಟಿದ ‘ಕ್ಲೀನ್ ಟ್ರಕ್ ಚೆಕ್’ ಈಗ ವರ್ಷಕ್ಕೆರಡು ಸಲ ತಪಾಸಣೆ ಕೇಳುತ್ತದೆ. ಎಂಜಿನ್ ಸ್ಕ್ಯಾನ್ ಮಾಡುವ ಗಾಡಿಗಳಿಗೆ 2027ರ ಅಕ್ಟೋಬರಿನಿಂದ ನಾಲ್ಕು ಸಲ. ಮಂಡಳಿಯ ಆನ್‌ಲೈನ್ ಖಾತೆಯಲ್ಲಿ ಗಾಡಿಯ ಹದಿನೇಳು ಅಕ್ಷರದ ಗುರುತು ಸಂಖ್ಯೆ ತುಂಬಬೇಕು, ವರ್ಷದ ಶುಲ್ಕ ಕಟ್ಟಬೇಕು. 2025ರಲ್ಲಿ ಅದು 31 ಡಾಲರ್ 18 ಸೆಂಟ್ ಇತ್ತು. ಶುಲ್ಕ ದೊಡ್ಡದಲ್ಲ, ಆದರೆ ತಪಾಸಣೆಗಾರರಿಗೆ ಬೇರೆ ಕೊಡಬೇಕು, ನಿಂತ ದಿನದ ಬಾಡಿಗೆ ನಷ್ಟ ಬೇರೆ. ಯಜಮಾನರೇ ಉಚಿತ ಪಾಠ ಓದಿ, ಪರೀಕ್ಷೆ ಬರೆದು ತಪಾಸಣೆಗಾರರಾಗಬಹುದು. ಆದರೆ ಮಾನ್ಯತೆ ಪಡೆದ ಆ ಪೆಟ್ಟಿಗೆ ಹೊಂದಿಸಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ಪೊಲೀಸಿನವರು ತಡೆಯುವ ಮೊದಲೇ ಲೋಡ್ ಕೊಡುವ ದಲ್ಲಾಳಿ ತಡೆಯುತ್ತಾನೆ. ಅದನ್ನು ನೋಡಿಯೇ ಸರಕು ಒಪ್ಪಿಸಬೇಕೆಂದು ಅವನಿಗೂ ನಿಯಮವಿದೆ. ರಸ್ತೆಯ ಮೇಲೂ ಕಣ್ಣಿದೆ. ಮೇಲಿನಿಂದ ಹೊಗೆ ಹೀರಿ ಅಳೆಯುವ ಕೊಳವೆ, ನಂಬರ್ ಪ್ಲೇಟ್ ಹಿಡಿಯುವ ಕ್ಯಾಮೆರಾ. ಹೊಗೆ ಹೆಚ್ಚೆಂದು ಕಂಡ ಗಾಡಿಗೆ ಮೂವತ್ತು ದಿನದೊಳಗೆ ತಪಾಸಣೆ ಮಾಡಿಸೆಂದು ನೋಟಿಸು ಬರುತ್ತದೆ.

ಮಧ್ಯಾಹ್ನ ಹೆದ್ದಾರಿಯ ಬದಿಯ ಢಾಬಾ. ಲಾರಿ ನಿಲ್ಲುವಷ್ಟು ಅಗಲದ ಅಂಗಳ, ಒಳಗೆ ತಂದೂರಿನ ಘಮ, ಸ್ಟೀಲ್ ಲೋಟದಲ್ಲಿ ಲಸ್ಸಿ. ಮಾತು ಎಲ್ಲಿಂದ ಶುರುವಾದರೂ ನಿಯಮಕ್ಕೇ ಬಂದು ನಿಲ್ಲುತ್ತದೆ. ಬಂದರಿನ ಕಂಟೇನರ್ ಎಳೆಯುವ ಒಬ್ಬರು ವಿದ್ಯುತ್ ಲಾರಿಯ ಕಥೆ ತೆಗೆದರು. 2023ರ ಏಪ್ರಿಲಿನಲ್ಲಿ ಮಂಡಳಿ ಒಪ್ಪಿದ ನಿಯಮದ ಪ್ರಕಾರ 2024ರ ಜನವರಿಯಿಂದ ಬಂದರು ಕೆಲಸಕ್ಕೆ ಹೊಸದಾಗಿ ಸೇರುವ ಲಾರಿ ಹೊಗೆರಹಿತವೇ ಆಗಿರಬೇಕಿತ್ತು. ಕೇಂದ್ರದ ಅನುಮತಿಗಾಗಿ ಕಾದ ಮಂಡಳಿ 2025ರ ಜನವರಿಯಲ್ಲಿ ಅರ್ಜಿಯನ್ನೇ ಹಿಂತೆಗೆದುಕೊಂಡಿತು. ಜೂನ್ 12ರಂದು ರಾಜ್ಯದ ಇನ್ನೂ ಮೂರು ವಾಹನ ನಿಯಮಗಳಿಗೆ ಸಿಕ್ಕಿದ್ದ ಅನುಮತಿಯನ್ನು ಅಧ್ಯಕ್ಷ ಟ್ರಂಪ್ ಸಹಿ ಹಾಕಿ ರದ್ದುಮಾಡಿದರು. ರಾಜ್ಯ ಅದೇ ದಿನ ನ್ಯಾಯಾಲಯಕ್ಕೆ ಹೋಯಿತು. ಮೇಲೆ ನಡೆದ ಈ ಎಳೆದಾಟದಲ್ಲಿ ಕೆಳಗೆ ಕುಳಿತವರಿಗೆ ಉಳಿದದ್ದು ಒಂದೇ ಪ್ರಶ್ನೆ: ಮುಂದಿನ ಲಾರಿ ಯಾವುದು ಕೊಳ್ಳಬೇಕು? ಐದಾರು ವರ್ಷದ ಕಂತು ಕಟ್ಟುವವರಿಗೆ ಕಟ್ಟುನಿಟ್ಟಿನ ನಿಯಮಕ್ಕಿಂತ ಅಲುಗಾಡುವ ನಿಯಮ ಹೆಚ್ಚು ಭಾರ. 2022ರಲ್ಲಿ ಬಾಡಿಗೆ ದರ ಬಿದ್ದ ಮೇಲೆ ಆ ಭಾರ ಇನ್ನೂ ಹೆಚ್ಚಿತು.

ಆ ಮೇಜಿನ ತುದಿಯಲ್ಲಿ ಇಪ್ಪತ್ತೈದು ದಾಟದ ಹುಡುಗನೊಬ್ಬನಿದ್ದ. ಇಷ್ಟು ದಿನ ಬೇರೆಯವರ ಗಾಡಿ ಓಡಿಸಿದವನು ಈಗ ತನ್ನದೇ ಕೊಳ್ಳಲು ಹೊರಟಿದ್ದಾನೆ. ಟೆಕ್ಸಸ್‌ನಲ್ಲಿ 2010ರ ಗಾಡಿ, ಬೆಲೆ ಕಡಿಮೆ, ಸಂಜೆಯೊಳಗೆ ಮುಂಗಡ ಕಳಿಸಬೇಕಂತೆ. ಬಿಳಿ ಬಣ್ಣದ ಲಾರಿಯ ಚಿತ್ರಗಳನ್ನು ಫೋನಿನಲ್ಲಿ ಎಲ್ಲರಿಗೂ ತೋರಿಸಿದ. ಯಜಮಾನರು ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿ ಫೋನ್ ವಾಪಸು ಕೊಟ್ಟರು.

“ಎಂಜಿನ್ ಲೇಬಲ್ ಎಲ್ಲಿ, ಪುತ್ತರ್?”

“2010ರ ಗಾಡಿ ಚಾಚಾಜಿ. ಕಾಗದದಲ್ಲೇ ಇದೆ.”

“ಕಾಗದ ಗಾಡಿಯದು. ಕಾರ್ಬ್‌ನವರು ನೋಡೋದು ಎಂಜಿನ್ ಯಾವ ವರ್ಷದ್ದು ಅಂತ. ಬಾನೆಟ್ ಎತ್ತಿಸು, ಲೇಬಲ್ ಫೋಟೊ ತರಿಸು. ಆಮೇಲೆ ದುಡ್ಡಿನ ಮಾತು.”

ಲಾರಿಗಳಲ್ಲಿ ಇದು ಮಾಮೂಲು. ಕಾರ್ಖಾನೆಯಲ್ಲಿ ಹೊಸ ವರ್ಷದ ಚಾಸಿಗೆ ಹಿಂದಿನ ವರ್ಷದ ಎಂಜಿನ್ ಕೂರಿಸಿರುತ್ತಾರೆ. ಬೇರೆ ರಾಜ್ಯದಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆ ಒಂದು ವರ್ಷದ ಅಂತರ ಇಡೀ ಗಾಡಿಯನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ.

ರೊಟ್ಟಿ ಬಂತು, ದಾಲ್ ಬಂತು. ಹುಡುಗ ಟೆಕ್ಸಸ್‌ಗೆ ಎರಡು ಸಲ ಫೋನ್ ಮಾಡಿದ. ಮಾರುವವನು ಮೊದಲು ಗೊಣಗಿದ, ಆಮೇಲೆ ಒಪ್ಪಿದ. ಚಿತ್ರ ಬಂದಾಗ ಎಲ್ಲರೂ ಬಾಗಿ ನೋಡಿದರು. ಎಣ್ಣೆ ಮೆತ್ತಿದ ಲೇಬಲ್ಲಿನ ಮೇಲಿನ ಸಣ್ಣ ಅಕ್ಷರಗಳನ್ನು ಯಜಮಾನರು ಬೆರಳಲ್ಲಿ ಹಿಗ್ಗಿಸಿ ಓದಿದರು. ಮಾದರಿ ವರ್ಷ 2009.

ಹುಡುಗ ಫೋನ್ ಎತ್ತಿಕೊಂಡು ಹೊರಗೆ ಹೋಗಿ ಆ ವ್ಯಾಪಾರ ಬೇಡವೆಂದು ಹೇಳಿ ಬಂದ. ಆಮೇಲೆ ಯಜಮಾನರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅರಿಜೋನಾದ ಇನ್ನೊಂದು ಗಾಡಿಯ ಚಿತ್ರ ತೆಗೆದ. ಈ ಸಲ ಮೊದಲು ತೋರಿಸಿದ್ದು ಬಾನೆಟ್ಟಿನ ಒಳಭಾಗವನ್ನು.